ರಕ್ತ ಬಂತು ಅಂತ ಬ್ರಶ್ ಬಿಡಬೇಡಿ: ಮನೆಯ ಹಿರಿಯರ ವಸಡು ನೋಡಿಕೊಳ್ಳುವ ಬಗೆ

ಹೋದ ವರ್ಷ ದೀಪಾವಳಿಗೆ ಊರಿಗೆ ಹೋಗಿದ್ದೆ. ಬೆಳಿಗ್ಗೆ ಅಮ್ಮ ಹಿತ್ತಲ ನಲ್ಲಿ ಹತ್ತಿರ ಹಲ್ಲುಜ್ಜುತ್ತಿದ್ದರು. ಉಗಿದ ನೀರು ಕೆಂಪಗಿತ್ತು. ಏನಮ್ಮ ಇದು ಅಂದರೆ, "ಬಲಗಡೆ ಬ್ರಶ್ ತಾಗಿದರೆ ರಕ್ತ ಬರುತ್ತೆ ಕಣೋ, ಅದಕ್ಕೇ ಆ ಕಡೆ ಉಜ್ಜೋದೇ ಬಿಟ್ಟಿದ್ದೆ, ಇವತ್ತು ಮರೆತು ತಾಗಿಸಿಬಿಟ್ಟೆ" ಅಂದರು. ಯಾವಾಗಿಂದ ಅಂತ ಕೇಳಿದೆ. "ಯುಗಾದಿ ಆಚೀಚೆ ಇರಬೇಕು." ಅಂದರೆ ಏಳು ತಿಂಗಳು.

ಮೊಬೈಲ್ ಟಾರ್ಚ್ ಹಾಕಿ ಬಾಯಿ ತೆರೆಸಿದೆ. ಎಡಗಡೆಯ ವಸಡು ಹಲ್ಲಿಗೆ ಅಂಟಿದ ಹಾಗೆ ಗಟ್ಟಿಯಾಗಿ ಕೂತಿತ್ತು. ಬಲಗಡೆ ಊದಿಕೊಂಡು, ನೇರಳೆಗೆಂಪಾಗಿ ಹೊಳೆಯುತ್ತಿತ್ತು. ಎರಡು ದವಡೆ ಹಲ್ಲುಗಳ ಸಂದಿಯಲ್ಲಿ ಹಿಂದಿನ ರಾತ್ರಿಯ ಸಾರಿನ ಕರಿಬೇವಿನ ಚೂರು ಇನ್ನೂ ಕೂತಿತ್ತು. ಕೆಳಗಿನ ಮುಂದಿನ ಹಲ್ಲುಗಳ ಒಳಮೈಯಲ್ಲಿ ಗಾರೆ ಮೆತ್ತಿದ ಹಾಗೆ ಹಳದಿ ಕಲ್ಲು. ಒಂದೇ ಬಾಯಿ, ಒಂದೇ ವಯಸ್ಸು, ಎರಡು ಕಡೆಗೂ ಒಂದೇ ಊಟ. ಉಜ್ಜಿದ ಕಡೆ ಚೆನ್ನಾಗಿದೆ, ಬಿಟ್ಟ ಕಡೆ ಹಾಳಾಗಿದೆ. "ವಯಸ್ಸಾಯ್ತು, ಹಲ್ಲು ಹೋಗೋದು ಸಹಜ" ಅನ್ನುವ ಮಾತನ್ನು ನಾನು ನಂಬುವುದು ಬಿಟ್ಟಿದ್ದು ಅವತ್ತು.

ಒಳಗೆ ಆಗುವುದು ಇಷ್ಟೇ. ಹಲ್ಲಿನ ಮೇಲೆ ದಿನವೂ ಮೆತ್ತಗಿನ ಒಂದು ಪೊರೆ ಕಟ್ಟುತ್ತದೆ, ಉಗುರಿನಲ್ಲಿ ಕೆರೆದರೆ ಬಿಳಿಯಾಗಿ ಬರುತ್ತದಲ್ಲ, ಅದೇ. ಊರಲ್ಲಿ ಪಾಚಿ ಅನ್ನುತ್ತೇವೆ. ಪೂರ್ತಿ ಬ್ಯಾಕ್ಟೀರಿಯಾ. ಹಲ್ಲು ಮತ್ತು ವಸಡು ಕೂಡುವ ಗೆರೆಯಲ್ಲಿ ಅದು ನಿಂತರೆ ವಸಡು ಊದುತ್ತದೆ, ತಾಗಿದರೆ ರಕ್ತ ಬರುತ್ತದೆ. ಕೆಲವು ದಿನ ಬಿಟ್ಟರೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಸೇರಿ ಅದೇ ಪೊರೆ ಕಲ್ಲಾಗುತ್ತದೆ. ಕಲ್ಲಾದ ಮೇಲೆ ಯಾವ ಬ್ರಶ್ಶಿಗೂ ಬಗ್ಗುವುದಿಲ್ಲ, ಹಲ್ಲಿನ ಡಾಕ್ಟರೇ ತೆಗೆಯಬೇಕು. ಬರೀ ಊತ ಇರುವಾಗ ಎಚ್ಚೆತ್ತುಕೊಂಡರೆ ವಸಡು ಪೂರ್ತಿ ವಾಪಸ್ ಸರಿಯಾಗುತ್ತದೆ. ಹಾಗೇ ಬಿಟ್ಟರೆ ಹಲ್ಲನ್ನು ಹಿಡಿದಿರುವ ಮೂಳೆ ಕರಗಲು ಶುರುವಾಗುತ್ತದೆ, ಆ ಮೂಳೆ ಮತ್ತೆ ತಾನಾಗಿ ಬೆಳೆಯುವುದಿಲ್ಲ. ಹುಳುಕೇ ಇಲ್ಲದ ಹಲ್ಲೂ ಅಲ್ಲಾಡಿ ಬೀಳುವುದು ಹೀಗೆ. ನೋವು ಬರುವುದು ತೀರಾ ಕೊನೆಗೆ. ನಮ್ಮ ದೊಡ್ಡವರು ನೋವು ಬರುವ ತನಕ ಬಾಯಿ ಬಿಡುವವರಲ್ಲ, ಅದೇ ಕಷ್ಟ.

ಹಾಗಾಗಿ ರಕ್ತ ಬರುವ ಜಾಗವನ್ನು ಬಿಟ್ಟು ಉಜ್ಜಬಾರದು. ಆ ಜಾಗಕ್ಕೇ ಮೊದಲು ಬ್ರಶ್ ಹೋಗಬೇಕು, ಮೆತ್ತಗೆ, ನಿಧಾನಕ್ಕೆ. ಮೊದಲ ಕೆಲವು ದಿನ ರಕ್ತ ಬಂದೇ ಬರುತ್ತದೆ. ಹೆದರಬೇಡಿ. ಒಂದೆರಡು ವಾರದಲ್ಲಿ ಕಡಿಮೆಯಾಗಬೇಕು. ಆಗಲಿಲ್ಲ ಅಂದರೆ ಒಳಗೆ ಕಲ್ಲಿದೆ ಅಥವಾ ಬೇರೆ ಏನೋ ಇದೆ, ಡಾಕ್ಟರ ಹತ್ತಿರ ಹೋಗಿ.

ಮೊದಲು ಟಾರ್ಚ್ ಹಾಕಿ ನೋಡಿ

ಬಾಯಿ ತೋರಿಸಿ ಅಂದರೆ ಹಿರಿಯರಿಗೆ ಸಂಕೋಚ. ತಮಾಷೆ ಮಾಡಿಕೊಂಡೇ ಕೇಳಿ. ಕೆನ್ನೆಯನ್ನು ಚಮಚದ ಹಿಂಬದಿಯಿಂದ ಸ್ವಲ್ಪ ಪಕ್ಕಕ್ಕೆ ಸರಿಸಿ ನೋಡಿ. ನಮ್ಮವರಲ್ಲಿ ತುಂಬಾ ಜನರ ವಸಡು ಹುಟ್ಟಿನಿಂದಲೇ ಕಂದು ಅಥವಾ ಅಲ್ಲಲ್ಲಿ ಕಪ್ಪು, ಆದ್ದರಿಂದ ಬಣ್ಣ ಒಂದನ್ನೇ ನೋಡಿ ಗಾಬರಿ ಆಗಬೇಡಿ. ಊತ ಇದೆಯಾ, ಹೊಳೆಯುತ್ತಿದೆಯಾ, ವಸಡು ಕೆಳಗೆ ಜಾರಿ ಹಲ್ಲು ಉದ್ದ ಕಾಣುತ್ತಿದೆಯಾ, ಯಾವುದಾದರೂ ಹಲ್ಲು ಅಲ್ಲಾಡುತ್ತಿದೆಯಾ, ಒತ್ತಿದರೆ ಕೀವು ಬರುತ್ತಿದೆಯಾ, ಅಷ್ಟು ನೋಡಿ. ನಾಲಿಗೆ ಹೊರಗೆ ಚಾಚಿಸಿ ಎರಡೂ ಅಂಚು ನೋಡಿ. ಎರಡು ವಾರ ಕಳೆದರೂ ವಾಸಿಯಾಗದ ಹುಣ್ಣು, ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಗಂಟು, ಇವು ಕಂಡರೆ ತಡ ಮಾಡಬೇಡಿ, ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಲೇಬೇಕು. ಬೀಡಿ ಸಿಗರೇಟು ಸೇದುವವರ ವಿಷಯದಲ್ಲಿ ಒಂದು ಮೋಸ ಇದೆ. ತಂಬಾಕು ವಸಡಿನ ರಕ್ತಸ್ರಾವವನ್ನು ಮುಚ್ಚಿಡುತ್ತದೆ. ರಕ್ತವೇ ಬರಲ್ಲ, ಒಳಗೊಳಗೇ ಮೂಳೆ ಹೋಗುತ್ತಿರುತ್ತದೆ.

ಉಜ್ಜುವುದು

ಅಮ್ಮನ ಬ್ರಶ್ ನೋಡಿದರೆ ನಗು ಬರುತ್ತಿತ್ತು. ಎಳೆಗಳೆಲ್ಲ ತೆಂಗಿನ ಪೊರಕೆ ಹಾಗೆ ಅಗಲವಾಗಿದ್ದವು. ಗಟ್ಟಿ ಬ್ರಶ್ಶೇ ಬೇಕು, ಮೆತ್ತಗಿದ್ದರೆ ಉಜ್ಜಿದ ಹಾಗೇ ಆಗಲ್ಲ ಅನ್ನುವುದು ಅವರ ನಂಬಿಕೆ. ಅದರ ಫಲ ಹಲ್ಲಿನ ಬುಡದಲ್ಲಿ ಕಾಣುತ್ತದೆ, ಕೊಡಲಿ ಏಟು ಬಿದ್ದ ಹಾಗೆ ಕಚ್ಚುಗಳು, ತಣ್ಣೀರು ತಾಗಿದರೆ ಜುಮ್ಮೆನ್ನುವುದು ಅಲ್ಲಿಂದಲೇ. ಸಾಫ್ಟ್ ಅಂತ ಬರೆದಿರುವ, ತಲೆ ಚಿಕ್ಕದಿರುವ ಬ್ರಶ್ ತೆಗೆದುಕೊಳ್ಳಿ. ಮೂರು ತಿಂಗಳಿಗೊಮ್ಮೆ ಬದಲಾಯಿಸಿ, ಎಳೆ ಮೊದಲೇ ಬಾಗಿದರೆ ಇನ್ನೂ ಬೇಗ.

ಬ್ರಶ್ ಇಡುವ ರೀತಿಯಲ್ಲೇ ಎಲ್ಲಾ ಇದೆ. ಎಳೆಗಳು ಅರ್ಧ ಹಲ್ಲಿನ ಮೇಲೆ, ಅರ್ಧ ವಸಡಿನ ಮೇಲೆ, ಸುಮಾರು 45 ಡಿಗ್ರಿ ಓರೆಯಾಗಿ ವಸಡಿನ ಕಡೆ ಮುಖ ಮಾಡಿರಬೇಕು. ಅಲ್ಲೇ ನಿಲ್ಲಿಸಿ ನಡುಗಿಸಿದ ಹಾಗೆ ಸಣ್ಣಗೆ ಹತ್ತು ಸಲ ಅಲ್ಲಾಡಿಸಿ. ಆಮೇಲೆ ವಸಡಿನಿಂದ ಹಲ್ಲಿನ ತುದಿ ಕಡೆಗೆ ಒಮ್ಮೆ ಗುಡಿಸಿ. ಎರಡು ಮೂರು ಹಲ್ಲು ಮುಂದಕ್ಕೆ ಹೋಗಿ, ಮತ್ತೆ ಅದೇ. ಹೊರಮೈ ಮುಗಿದ ಮೇಲೆ ಒಳಮೈ, ಕೊನೆಗೆ ಅಗಿಯುವ ಮೈ. ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ಬ್ರಶ್ಶನ್ನು ಉದ್ದುದ್ದ ನಿಲ್ಲಿಸಿ ಉಜ್ಜಿ, ಜೊಲ್ಲು ಹೊರಬರುವ ರಂಧ್ರ ಅಲ್ಲೇ ಇರುವುದರಿಂದ ಕಲ್ಲು ಬೇಗ ಕಟ್ಟುವುದು ಅಲ್ಲೇ. ಎಷ್ಟು ಒತ್ತಬೇಕು? ನಿಮ್ಮ ಉಗುರಿನ ಬುಡದ ಮೇಲೆ ಬ್ರಶ್ ಇಟ್ಟು ಅಲ್ಲಾಡಿಸಿ ನೋಡಿ, ನೋಯಬಾರದು, ಅಷ್ಟೇ. ಒಟ್ಟು ಎರಡು ನಿಮಿಷ. ಅಮ್ಮನಿಗೆ ಇದನ್ನು ಬಾಯಲ್ಲಿ ಹೇಳಿ ಅರ್ಥ ಮಾಡಿಸಲು ಆಗಲಿಲ್ಲ. ಅವರ ಕೈಯ ಮೇಲೆ ನನ್ನ ಕೈ ಇಟ್ಟು ಒಂದು ಸಲ ಉಜ್ಜಿಸಿದೆ. "ಇಷ್ಟು ಮೆತ್ತಗಾ? ಇದು ಉಜ್ಜೋದಾ?" ಅಂದರು.

ದಿನಕ್ಕೆ ಎರಡು ಸಲ ಅನ್ನುವುದು ಎಲ್ಲರಿಗೂ ಗೊತ್ತು, ಬೆಳಿಗ್ಗೆ ಮಾತ್ರ ಉಜ್ಜುವುದೂ ಎಲ್ಲರಿಗೂ ಗೊತ್ತು. ನಿದ್ದೆಯಲ್ಲಿ ಜೊಲ್ಲು ತುಂಬಾ ಕಡಿಮೆ ಬರುತ್ತದೆ, ಬಾಯಿ ಒಣಗುತ್ತದೆ, ಹಲ್ಲು ಹಾಳಾಗುವುದು ಆಗಲೇ. ಆದ್ದರಿಂದ ರಾತ್ರಿ ಊಟ ಆದ ಮೇಲಿನದ್ದು ಮುಖ್ಯ. ರಾತ್ರಿ ನುಂಗುವ ಬಿಪಿ ಅಥವಾ ಶುಗರ್ ಮಾತ್ರೆ ಡಬ್ಬಿಯ ಪಕ್ಕ ಬ್ರಶ್ ಇಡಿ. ನಮ್ಮ ಮನೆಯಲ್ಲಿ ಕೆಲಸ ಮಾಡಿದ ಉಪಾಯ ಇದೊಂದೇ.

ಪೇಸ್ಟ್ ಯಾವುದಾದರೂ ಸರಿ, ಫ್ಲೋರೈಡ್ ಇರಲಿ, ಸುಮಾರು 1000 ಪಿಪಿಎಂ ಅಂತ ಟ್ಯೂಬಿನ ಮೇಲೆ ಇರುತ್ತದೆ. ಪಾವಗಡ, ಬಾಗೇಪಲ್ಲಿ ಕಡೆಯವರು ಫ್ಲೋರೈಡ್ ಅಂದ ಕೂಡಲೇ ಹೌಹಾರುತ್ತಾರೆ, ಬೋರ್‌ವೆಲ್ ನೀರಿನಿಂದ ಹಲ್ಲು ಕಂದಾದವರನ್ನು ನೋಡಿ ನೋಡಿ. ಆ ಭಯ ಸುಮ್ನೆ ಬಂದದ್ದಲ್ಲ. ಆದರೆ ಹಲ್ಲಿನ ಕಂದು ಬರುವುದು ಚಿಕ್ಕಂದಿನಲ್ಲಿ ಹಲ್ಲು ರೂಪುಗೊಳ್ಳುವಾಗ ಆ ನೀರು ಕುಡಿದರೆ. 70 ದಾಟಿದವರು ಉಜ್ಜಿ ಉಗಿಯುವ ಪೇಸ್ಟಿನಿಂದ ಅಲ್ಲ. ವಯಸ್ಸಾದಾಗ ವಸಡು ಜಾರಿ ಹಲ್ಲಿನ ಬೇರು ಹೊರಗೆ ಬರುತ್ತದೆ, ಬೇರಿಗೆ ಎನಾಮಲ್ ಅನ್ನುವ ಗಟ್ಟಿ ಹೊದಿಕೆ ಇಲ್ಲ, ಬೇಗ ಹುಳುಕಾಗುತ್ತದೆ, ಅದಕ್ಕೆ ಫ್ಲೋರೈಡೇ ಕಾವಲು. ಉಜ್ಜಿದ ಮೇಲೆ ಚೊಂಬುಗಟ್ಟಲೆ ನೀರಲ್ಲಿ ಮುಕ್ಕಳಿಸುವುದೂ ಬೇಡ. ಉಗಿದು ಬಿಡಿ, ಪೇಸ್ಟ್ ಸ್ವಲ್ಪ ಬಾಯಲ್ಲಿ ಉಳಿಯಲಿ. ನಮ್ಮವರಿಗೆ ಇದು ಗಲೀಜು ಅನ್ನಿಸುತ್ತದೆ, ಗೊತ್ತು. ರಾತ್ರಿಯಾದರೂ ಹಾಗೆ ಮಾಡಿಸಿ.

ಇದ್ದಿಲು, ಇಟ್ಟಿಗೆ ಪುಡಿ, ಬೂದಿ, ಬರೀ ಉಪ್ಪು ಬೆರಳಲ್ಲಿ ತಿಕ್ಕುವುದು, ಇವೆಲ್ಲ ಪಾತ್ರೆಗೆ ಇರಲಿ. ಕೆಂಪು ಹಲ್ಲುಪುಡಿ ಬಿಡದವರು ಬ್ರಶ್ಶಿನಲ್ಲಿ ಪೇಸ್ಟ್ ಹಾಕಿ ಉಜ್ಜಿ, ಆಮೇಲೆ ಬೇಕಾದರೆ ರುಚಿಗೆ ಚೂರು ಪುಡಿ ತಾಗಿಸಿಕೊಳ್ಳಲಿ. ಬೇವಿನ ಕಡ್ಡಿ ಬಗ್ಗೆ ನನಗೆ ಜಗಳ ಇಲ್ಲ. ಚೆನ್ನಾಗಿ ಜಗಿದು ಮೆತ್ತಗೆ ಮಾಡಿಕೊಂಡರೆ ಮುಂದಿನ ಹಲ್ಲಿಗೆ ಸಾಕು, ಆದರೆ ಹಿಂದಿನ ದವಡೆಯ ಒಳಮೈಗೆ ಅದು ತಲುಪಲ್ಲ, ರೋಗ ಇರುವುದು ಅಲ್ಲೇ.

ಸಂದಿ

ವಯಸ್ಸಾದವರ ಹಲ್ಲಿನ ನಡುವೆ ಸಂದಿ ದೊಡ್ಡದಾಗಿರುತ್ತದೆ, ಅಲ್ಲಿಗೆ ಬ್ರಶ್ ಹೋಗಲ್ಲ. ಅಮ್ಮ ಬಳಸುತ್ತಿದ್ದದ್ದು ಪೊರಕೆ ಕಡ್ಡಿ. ಕೆಲವರು ಸೇಫ್ಟಿ ಪಿನ್ ಹಾಕುತ್ತಾರೆ, ನೋಡಿದರೆ ಮೈ ಜುಮ್ ಅನ್ನುತ್ತದೆ. ದಾರ, ಅಂದರೆ ಫ್ಲಾಸ್, ಕೈ ನಡುಗುವವರಿಗೆ ಆಗುವ ಕೆಲಸವಲ್ಲ. ಅದರ ಬದಲು ಇಂಟರ್‌ಡೆಂಟಲ್ ಬ್ರಶ್ ಸಿಗುತ್ತದೆ, ಬಾಟಲಿ ತೊಳೆಯುವ ಬ್ರಶ್ಶಿನ ಮರಿ ಹಾಗಿರುತ್ತದೆ. ಮೆಡಿಕಲ್ ಶಾಪಿನಲ್ಲೋ ಆನ್‌ಲೈನಿನಲ್ಲೋ ಕೇಳಿ. ಸೈಜು ಬೇರೆ ಬೇರೆ ಇದೆ. ಸ್ವಲ್ಪ ಬಿಗಿಯಾಗಿ, ನೋಯದೆ ಹೋಗುವುದು ಸರಿಯಾದ ಸೈಜು, ತುರುಕಬೇಡಿ. ಒಂದೇ ಬಾಯಿಗೆ ಎರಡು ಸೈಜು ಬೇಕಾಗಬಹುದು. ಮೊದಲ ಸಲ ಹಲ್ಲಿನ ಡಾಕ್ಟರೇ ಅಳತೆ ನೋಡಿ ಹೇಳಿದರೆ ಒಳ್ಳೆಯದು. ದಿನಕ್ಕೊಮ್ಮೆ, ರಾತ್ರಿ ಉಜ್ಜುವ ಮುಂಚೆ, ಸಂದಿಗೆ ಹಾಕಿ ಎರಡು ಮೂರು ಸಲ ಹಿಂದೆ ಮುಂದೆ ಎಳೆದರೆ ಆಯಿತು. ಮೊದಲ ದಿನ ಅಮ್ಮ ಅದನ್ನು ಹೊರಗೆಳೆದು ಮೂಗಿನ ಹತ್ತಿರ ಹಿಡಿದು ನೋಡಿ, "ಥೂ, ಇಷ್ಟು ವಾಸನೆ ನನ್ನ ಬಾಯಲ್ಲೇ ಇತ್ತಾ?" ಅಂದರು. ಅವತ್ತಿಂದ ನಾನು ನೆನಪಿಸಬೇಕಾಗಿ ಬಂದಿಲ್ಲ.

ಮುಕ್ಕಳಿಸುವುದರಿಂದ ಪಾಚಿ ಹೋಗುವುದಿಲ್ಲ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ ಮುಕ್ಕಳಿಸಿದರೆ ನೋವಿಗೆ ಹಿತ, ಅಷ್ಟೇ. ಮುಕ್ಕಳಿಸಲು ಡಾಕ್ಟರು ಬರೆದುಕೊಡುವ ಕ್ಲೋರ್‌ಹೆಕ್ಸಿಡಿನ್ ನಿಜವಾದ ಔಷಧಿ, ಆದರೆ ಹೇಳಿದಷ್ಟು ದಿನ ಮಾತ್ರ, ಸಾಮಾನ್ಯವಾಗಿ ಎರಡು ವಾರ. ಜಾಸ್ತಿ ದಿನ ಬಳಸಿದರೆ ಹಲ್ಲು ಕಂದಾಗುತ್ತದೆ, ರುಚಿ ಕೆಡುತ್ತದೆ. ಪೇಸ್ಟಿಗೂ ಅದಕ್ಕೂ ಅರ್ಧ ಗಂಟೆ ಅಂತರ ಬಿಡಿ. ಎಣ್ಣೆ ಮುಕ್ಕಳಿಸುವವರು ಮುಕ್ಕಳಿಸಲಿ, ಆದರೆ ನುಂಗಲು ಕಷ್ಟ ಇರುವವರಿಗೆ ಬೇಡ, ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಅಪಾಯ. ಲವಂಗದ ಎಣ್ಣೆಯನ್ನು ನೇರ ವಸಡಿಗೆ ಹಚ್ಚಿದರೆ ಸುಡುತ್ತದೆ. ಹಲ್ಲು ನೋವಿಗೆ ಆಸ್ಪಿರಿನ್ ಮಾತ್ರೆಯನ್ನು ವಸಡಿನ ಪಕ್ಕ ಇಟ್ಟುಕೊಳ್ಳುವ ಅಭ್ಯಾಸವೂ ಹಾಗೇ, ಬಿಳಿಯಾಗಿ ಸುಟ್ಟು ಸುಲಿಯುತ್ತದೆ.

ಮಾತ್ರೆ ಡಬ್ಬಿಯನ್ನೂ ನೋಡಿ

ಇದನ್ನು ಯಾರೂ ಹೇಳುವುದಿಲ್ಲ. ಬಿಪಿಗೆ ಕೊಡುವ ಆಮ್ಲೋಡಿಪಿನ್ ಮತ್ತು ಅದರ ಜಾತಿಯ ಮಾತ್ರೆಗಳಿಂದ, ಫಿಟ್ಸಿಗೆ ಕೊಡುವ ಫೆನಿಟಾಯಿನ್‌ನಿಂದ ಕೆಲವರ ವಸಡು ಹಲ್ಲಿನ ಮೇಲೆ ಬೆಳೆದುಕೊಳ್ಳುತ್ತದೆ. ಹಾಗೆ ಕಂಡರೆ ಮಾತ್ರೆ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ ತೋರಿಸಿ, ಬೇರೆ ಮಾತ್ರೆ ಕೊಡಬಹುದು. ಖಿನ್ನತೆ, ಅಲರ್ಜಿ, ಪದೇ ಪದೇ ಮೂತ್ರ ಬರುವುದಕ್ಕೆ ಕೊಡುವ ಮಾತ್ರೆಗಳು, ನೀರು ಇಳಿಸುವ ಮಾತ್ರೆ, ಇವುಗಳಿಂದ ಬಾಯಿ ಒಣಗುತ್ತದೆ. ಜೊಲ್ಲು ಕಡಿಮೆಯಾದರೆ ಹಲ್ಲಿಗೆ ದಿಕ್ಕಿಲ್ಲ. ಪಕ್ಕದಲ್ಲಿ ನೀರಿನ ಬಾಟಲಿ ಇರಲಿ, ಗುಟುಕು ಗುಟುಕಾಗಿ ಕುಡಿಯುತ್ತಿರಲಿ. ಒಣಗುತ್ತದೆ ಅಂತ ಪೆಪ್ಪರ್‌ಮಿಂಟ್ ಚೀಪುವುದು ಬೇಡ, ಸಕ್ಕರೆ ಇಲ್ಲದ್ದಾದರೆ ಸರಿ.

ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆ ಅಥವಾ ವರ್ಷಕ್ಕೊಂದು ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಹಲ್ಲು ಕೀಳಿಸುವ ಮುಂಚೆ ಅದನ್ನು ಹೇಳಲೇಬೇಕು, ಅಪರೂಪಕ್ಕೆ ದವಡೆ ಮೂಳೆ ವಾಸಿಯಾಗದೆ ಉಳಿಯುವುದುಂಟು. ರಕ್ತ ತೆಳುವಾಗುವ ಮಾತ್ರೆ, ಹೃದಯಕ್ಕೆ ಹಾಕಿದ ಕೃತಕ ವಾಲ್ವ್, ಇವನ್ನೂ ಹೇಳಿ. ಮಾತ್ರೆಯನ್ನು ನೀವೇ ನಿಲ್ಲಿಸಿಕೊಂಡು ಹೋಗಬೇಡಿ.

ಇನ್ನು ಸಕ್ಕರೆ ಕಾಯಿಲೆ. ಶುಗರ್ ಜಾಸ್ತಿ ಇದ್ದರೆ ವಸಡು ಬೇಗ ಕೆಡುತ್ತದೆ. ವಸಡಿನಲ್ಲಿ ಸೋಂಕು ಇದ್ದರೆ ಶುಗರ್ ಹತೋಟಿಗೆ ಬರುವುದು ಕಷ್ಟ. ಎರಡೂ ಒಂದನ್ನೊಂದು ಎಳೆಯುತ್ತವೆ. ಮಾತ್ರೆ, ಪಥ್ಯ ಎಲ್ಲ ಸರಿ ಇದ್ದೂ ಶುಗರ್ ಇಳಿಯುತ್ತಿಲ್ಲ ಅಂದರೆ ಒಮ್ಮೆ ಬಾಯಿ ತೋರಿಸಿ.

ಕಾಫಿಗೆ ಅದ್ದುವ ಬಿಸ್ಕತ್ತು, ಬಾಯೊಳಗಿನ ಎಲೆ ಅಡಿಕೆ

ಹಲ್ಲು ಸೋತವರು ಮೆತ್ತಗಿನದ್ದಕ್ಕೆ ಇಳಿಯುತ್ತಾರೆ. ಮುದ್ದೆ ಆದರೆ ಒಳ್ಳೆಯದು, ಅಗಿಯುವ ಗೊಡವೆಯೇ ಇಲ್ಲ. ತೊಂದರೆ ಬಿಸ್ಕತ್ತಿನದು. ಬೆಳಿಗ್ಗೆ ಕಾಫಿಗೆ ಎರಡು, ಹನ್ನೊಂದಕ್ಕೆ ಎರಡು, ನಾಲ್ಕಕ್ಕೆ ಮತ್ತೆರಡು. ಅದ್ದಿದ ಬಿಸ್ಕತ್ತು ಹಲ್ಲಿನ ಬುಡಕ್ಕೆ ಮೆತ್ತಿಕೊಂಡು ದಿನವಿಡೀ ಕೂರುತ್ತದೆ. ಒಟ್ಟು ಎಷ್ಟು ತಿಂದರು ಅನ್ನುವುದಕ್ಕಿಂತ ಎಷ್ಟು ಸಲ ತಿಂದರು ಅನ್ನುವುದು ಹಲ್ಲಿಗೆ ಕೆಟ್ಟದ್ದು. ತಿನ್ನುವುದಾದರೆ ಊಟ ತಿಂಡಿ ಜೊತೆಗೇ ತಿಂದು, ನೀರು ಮುಕ್ಕಳಿಸಲಿ.

ಅಡಿಕೆ ವಿಷಯಕ್ಕೆ ಬರುವಾಗ ಹುಷಾರಾಗಿ ಬರೆಯುತ್ತಿದ್ದೇನೆ, ನಮ್ಮದು ಚನ್ನಗಿರಿ ಕಡೆ. ಮನೆ ನಡೆದಿದ್ದೇ ಅಡಿಕೆಯಿಂದ. ಆದರೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು, ತಂಬಾಕು ಇಲ್ಲದೆಯೂ, ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಕಡ್ಡಿಪುಡಿ, ಹೊಗೆಸೊಪ್ಪು ಸೇರಿದರೆ ಕೇಳುವುದೇ ಬೇಡ. "ಎಲೆ ಅಡಿಕೆ ಹಾಕಿದರೆ ಹಲ್ಲು ಗಟ್ಟಿ" ಅನ್ನುತ್ತಾರಲ್ಲ, ಗಟ್ಟಿಯಾಗಿ ಕಾಣುವುದು ಹಲ್ಲಿಗೆ ಅಂಟಿದ ಕಂದು ಕಲ್ಲು. 60 ವರ್ಷ ಹಾಕಿದವರಿಗೆ ನಾಳೆಯಿಂದ ಬಿಡಿ ಅಂದರೆ ಕೇಳಲ್ಲ. ಮೊದಲು ಹೊಗೆಸೊಪ್ಪು ಬಿಡಿಸಿ, ಆಮೇಲೆ ರಾತ್ರಿ ಬಾಯಲ್ಲಿಟ್ಟುಕೊಂಡು ಮಲಗುವುದನ್ನು ಬಿಡಿಸಿ, ಆಮೇಲೆ ಉಳಿದದ್ದು. ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹೋಗುತ್ತದಾ ನೋಡಿ. ಹೋಗಲ್ಲ, ಖಾರ ತಾಗಿದರೆ ಉರಿ ಅಂದರೆ ಡಾಕ್ಟರಿಗೆ ತೋರಿಸಿ.

ಹಲ್ಲುಸೆಟ್ಟು ಇದ್ದವರಿಗೆ

ನನ್ನ ದೊಡ್ಡಮ್ಮ ಒಗೆಯುವ ಕಲ್ಲಿನ ಮೇಲೆ ಸೆಟ್ಟು ಬೀಳಿಸಿ ಎರಡು ಹೋಳು ಮಾಡಿದರು. ಮಗ ಅಂಗಡಿಯ ಗಮ್ ಹಾಕಿ ಅಂಟಿಸಿದ. ಒಂದು ಕೂದಲೆಳೆ ಓರೆಯಾಗಿ ಅಂಟಿತ್ತು, ವಾರದೊಳಗೆ ವಸಡು ಕೊರೆದು ಹುಣ್ಣಾಯಿತು. ಗಮ್ ಹಾಕಬೇಡಿ, ಮಾಡಿಕೊಟ್ಟವರ ಹತ್ತಿರ ಹೋಗಿ. ತೊಳೆಯುವಾಗ ಕೆಳಗೆ ಒಂದು ಬೇಸಿನ್ ನೀರು ಇಡಿ ಅಥವಾ ಟವೆಲ್ ಹಾಸಿ. ಪೇಸ್ಟ್ ಬೇಡ, ಸೆಟ್ಟಿನ ಮೇಲೆ ಗೀರು ಬೀಳುತ್ತದೆ. ಕೈ ತೊಳೆಯುವ ಸಾಧಾರಣ ಸೋಪು, ಬೇರೆ ಬ್ರಶ್. ಕುದಿಯುವ ನೀರು ಹಾಕಿದರೆ ಆಕಾರ ಕೆಡುತ್ತದೆ. ರಾತ್ರಿ ತೆಗೆದು ನೀರಲ್ಲಿ ಹಾಕಿಡಿ. ಹಾಕಿಕೊಂಡೇ ಮಲಗುವವರ ಅಂಗಳದಲ್ಲಿ, ಅಂದರೆ ಬಾಯಿಯ ಮೇಲ್ಭಾಗದಲ್ಲಿ, ಶಿಲೀಂಧ್ರ ಬೆಳೆದು ಕೆಂಪಗಾಗುತ್ತದೆ. ಹಲ್ಲೇ ಇಲ್ಲದವರೂ ವಸಡು, ನಾಲಿಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳಬೇಕು.

ನೀವೇ ಉಜ್ಜಿಸಬೇಕಾಗಿ ಬಂದರೆ

ಕೈ ಬೆರಳು ಮಡಚಲು ಆಗದವರಿಗೆ ಬ್ರಶ್ಶಿನ ಹಿಡಿಗೆ ಸೈಕಲ್ ಹ್ಯಾಂಡಲಿನ ರಬ್ಬರ್ ಗ್ರಿಪ್ ತೂರಿಸಿ, ದಪ್ಪಗಾಗುತ್ತದೆ, ಹಿಡಿತ ಸಿಗುತ್ತದೆ. ಬ್ಯಾಟರಿ ಬ್ರಶ್ಶೂ ಒಳ್ಳೆಯದೇ. ಆದಷ್ಟು ದಿನ ಅವರೇ ಉಜ್ಜಿಕೊಳ್ಳಲಿ, ಕೊನೆಯಲ್ಲಿ ನೀವು ಒಂದು ಸುತ್ತು ಹಾಕಿ.

ಪಾರ್ಶ್ವವಾಯು ಆದವರಿಗೆ ಸೋತ ಕಡೆಯ ಕೆನ್ನೆಯೊಳಗೆ ತುತ್ತು ಉಳಿದಿರುತ್ತದೆ, ಅವರಿಗೆ ಗೊತ್ತೇ ಆಗಿರುವುದಿಲ್ಲ. ಪ್ರತಿ ಊಟದ ಮೇಲೆ ಅಲ್ಲಿ ನೋಡಿ. ಉಜ್ಜಿಸುವಾಗ ನೇರವಾಗಿ ಕೂರಿಸಿ, ಗಲ್ಲ ಸ್ವಲ್ಪ ಕೆಳಗಿರಲಿ, ನೀವು ಪಕ್ಕದಲ್ಲಿ ಅಥವಾ ಹಿಂದೆ ನಿಲ್ಲಿ. ಪೇಸ್ಟ್ ಬಟಾಣಿಗಿಂತ ಕಡಿಮೆ, ನೀರು ಕಡಿಮೆ, ನೊರೆಯನ್ನು ಬಟ್ಟೆಯಿಂದ ಒರೆಸಿ ತೆಗೆಯಿರಿ. ಮಲಗಿದ್ದಲ್ಲೇ ಇರುವವರನ್ನು ಒಂದು ಮಗ್ಗುಲಿಗೆ ತಿರುಗಿಸಿ ಮಾಡಿ. ಇಂಥವರ ಬಾಯಿಯ ಕೊಳೆ ಉಸಿರಿನ ದಾರಿಗೆ ಇಳಿದು ನ್ಯುಮೋನಿಯಾ ಆಗುವುದುಂಟು, ಹಾಗಾಗಿ ಇದು ಸ್ನಾನಕ್ಕಿಂತ ಕಡಿಮೆ ಮುಖ್ಯದ್ದೇನಲ್ಲ. ಹಲ್ಲಿನ ನಡುವೆ ನಿಮ್ಮ ಬೆರಳು ಮಾತ್ರ ಇಡಬೇಡಿ. ಮರೆವಿನ ಕಾಯಿಲೆ ಇರುವವರು ಬಾಯಿ ಬಿಡದಿದ್ದರೆ ಜಗಳ ಬೇಡ, ಅವರ ಎದುರಿಗೆ ನೀವು ಉಜ್ಜಿಕೊಳ್ಳಿ, ನೋಡಿ ಮಾಡುತ್ತಾರೆ. ಆಗಲಿಲ್ಲ ಅಂದರೆ ಒಂದು ಗಂಟೆ ಬಿಟ್ಟು ಮತ್ತೆ ಹೋಗಿ.

ಡಾಕ್ಟರ ಹತ್ತಿರ

ಸ್ಕೇಲಿಂಗ್, ಅಂದರೆ ಹಲ್ಲಿನ ಕಲ್ಲು ತೆಗೆಸುವುದು, ಮಾಡಿಸಿದರೆ ಹಲ್ಲು ಸಡಿಲ ಆಗುತ್ತದೆ ಅನ್ನುವ ಮಾತು ಎಲ್ಲಾ ಊರಲ್ಲೂ ಇದೆ. ಹಲ್ಲು ಮೊದಲೇ ಸಡಿಲ ಆಗಿರುತ್ತದೆ, ಸಂದಿಯಲ್ಲಿ ಕೂತ ಕಲ್ಲು ಸಿಮೆಂಟಿನ ಹಾಗೆ ಹಿಡಿದಿರುತ್ತದೆ, ತೆಗೆದಾಗ ಗೊತ್ತಾಗುತ್ತದೆ. ಕೆಲವು ದಿನ ಜುಮ್ಮೆನ್ನಬಹುದು. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಅನ್ನುವುದು ಇನ್ನೊಂದು. ಹೋಗಲ್ಲ.

ದುಡ್ಡಿನ ಚಿಂತೆ ಇದ್ದರೆ ದಂತ ವೈದ್ಯಕೀಯ ಕಾಲೇಜುಗಳಿಗೆ ಹೋಗಿ. ಬೆಂಗಳೂರಿನಲ್ಲಿ ಕೋಟೆ ಹತ್ತಿರ ಸರ್ಕಾರಿ ಕಾಲೇಜಿದೆ, ದಾವಣಗೆರೆ, ಧಾರವಾಡ, ಮಂಗಳೂರು, ಮೈಸೂರು, ಬೆಳಗಾವಿಯಲ್ಲೂ ಕಾಲೇಜುಗಳಿವೆ. ಸಮಯ ಜಾಸ್ತಿ ಹಿಡಿಯುತ್ತದೆ, ಖರ್ಚು ಕಡಿಮೆ. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಉಚಿತ ಹಲ್ಲುಸೆಟ್ಟು ಕೊಡಲೆಂದು ಸರ್ಕಾರ ದಂತಭಾಗ್ಯ ಅಂತ ಒಂದು ಯೋಜನೆ ತಂದಿತ್ತು, ಅದರ ಬಗ್ಗೆ ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ. ಸಕ್ಕರೆ ಕಾಯಿಲೆಯವರನ್ನು ಬೆಳಿಗ್ಗೆಯೇ, ತಿಂಡಿ ತಿನ್ನಿಸಿ, ಮಾತ್ರೆ ಕೊಟ್ಟು ಕರೆದುಕೊಂಡು ಹೋಗಿ. ಮಾತ್ರೆ ಚೀಟಿ ಕೈಯಲ್ಲಿರಲಿ.

ಅಮ್ಮನ ಬಲಗಡೆಯ ಒಂದು ದವಡೆ ಹಲ್ಲು ಉಳಿಯಲಿಲ್ಲ, ಕೀಳಲೇಬೇಕಾಯಿತು. ಅದರ ಪಕ್ಕದ್ದು ಉಳಿದಿದೆ. ಆರು ತಿಂಗಳಿಗೆ ಬನ್ನಿ ಅಂದಿದ್ದರು, ಈಗ ಹೊತ್ತಾಯಿತು. ಮೊನ್ನೆ ಫೋನಿನಲ್ಲಿ ಅಮ್ಮನೇ ನೆನಪಿಸಿದರು, ಜೊತೆಗೆ ಸಣ್ಣ ಬ್ರಶ್ ತರಲು ಹೇಳಿದರು, "ಈ ಸಲ ದಪ್ಪಂದು ತಾ, ಹಲ್ಲು ಕಿತ್ತ ಕಡೆ ಸಂದಿಗೆ ಇದು ಸಾಲಲ್ಲ."